ಅಂಕ ಹೊಡೆಯದ ಹುಡುಗಿಗೆ ಯಾವ ಸ್ಥಾನ?

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್. ಎದುರಾಳಿ ತಂಡದ ಅತಿ ಚುರುಕಿನ ಹುಡುಗಿಯನ್ನು ತಡೆಯುವ ಕೆಲಸ ಪ್ರತಿ ಪಂದ್ಯದಲ್ಲೂ ಇವಳ ಪಾಲಿಗೆ. ಜಿಲ್ಲಾ ತಂಡದ ಆಯ್ಕೆಯಲ್ಲಿ ಹೆಚ್ಚು ಅಂಕ ಹೊಡೆದವರು, ಎತ್ತರ ಇದ್ದವರು ಬಂದರು. ಇವಳ ಹೆಸರು ಬರಲಿಲ್ಲ. ಶಾಲಾ ಹುಡುಗಿಯರಲ್ಲಿ ಯಾರು ಮೇಲು ಎಂದು ಹೇಗೆ ತೀರ್ಮಾನಿಸುತ್ತಾರೆ? ಅಮೆರಿಕದಲ್ಲಿರುವಂಥ ರ‍್ಯಾಂಕ್ ಪಟ್ಟಿ ನಮ್ಮಲ್ಲೂ ಬಂದರೆ ನ್ಯಾಯ ಸಿಗುತ್ತದೆಯೇ?
— ಓದುಗರೊಬ್ಬರು, ಪೋತ್ತನೂರು

ಉತ್ತರ: ಮಗಳು ಆಡಿದ ಯಾವುದಾದರೂ ಒಂದು ಪಂದ್ಯದ ಸ್ಕೋರ್‌ಶೀಟ್ ಸಿಕ್ಕರೆ ಕೈಗೆ ತೆಗೆದುಕೊಂಡು ನೋಡಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ಎಡಗಡೆ ಎರಡೂ ತಂಡಗಳ ಹನ್ನೆರಡು ಹನ್ನೆರಡು ಹೆಸರು, ಅಂಗಿಯ ಸಂಖ್ಯೆ, ಪ್ರತಿ ಹೆಸರಿನ ಮುಂದೆ ಫೌಲ್ ಗುರುತಿಸಲು ಐದು ಮನೆ. ಬಲಗಡೆ ಯಾವ ಸಂಖ್ಯೆಯವಳು ಎಷ್ಟನೇ ಅಂಕ ಗಳಿಸಿದಳು ಎಂಬ ಓಡುವ ಲೆಕ್ಕ. ಟೈಮ್‌ಔಟ್, ಕ್ವಾರ್ಟರ್‌ಗಳ ಮೊತ್ತ, ರೆಫರಿಗಳ ಸಹಿ. ಜಗತ್ತಿನಾದ್ಯಂತ ಹೆಚ್ಚುಕಡಿಮೆ ಇದೇ ಹಾಳೆ. ಇದರಲ್ಲಿ ರಿಬೌಂಡ್ ಇಲ್ಲ, ಅಸಿಸ್ಟ್ ಇಲ್ಲ, ಕಸಿದುಕೊಂಡ ಚೆಂಡಿನ ಲೆಕ್ಕ ಇಲ್ಲ, ತಡೆದ ಶಾಟ್‌ನ ಲೆಕ್ಕವೂ ಇಲ್ಲ. ಅಂದರೆ ನಿಮ್ಮ ಮಗಳು ನಲವತ್ತು ನಿಮಿಷ ಬೆವರು ಸುರಿಸಿ ಒಬ್ಬಳನ್ನು ಕಟ್ಟಿಹಾಕಿದರೆ, ಆ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಉಳಿಯುವುದು ಅವಳು ಮಾಡಿದ ಫೌಲ್‌ಗಳು ಮಾತ್ರ. ಚೆನ್ನಾಗಿ ತಡೆದದ್ದಕ್ಕೆ ದಾಖಲೆ ಇಲ್ಲ, ತಡೆಯುವಾಗ ತಪ್ಪಿದ್ದಕ್ಕೆ ಇದೆ.

ದೊಡ್ಡ ಟೂರ್ನಿಗಳಲ್ಲಿ ಇನ್ನೊಂದು ಮೇಜಿನಲ್ಲಿ ಕುಳಿತವರು ಈ ಉಳಿದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಳಸುವ ಎಫಿಷಿಯೆನ್ಸಿ ಸೂತ್ರ ಸರಳವಾದದ್ದು: ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಎಲ್ಲವನ್ನೂ ಕೂಡಿಸಿ, ತಪ್ಪಿದ ಶಾಟ್‌ಗಳನ್ನೂ ಕಳೆದುಕೊಂಡ ಚೆಂಡುಗಳನ್ನೂ ಅದರಿಂದ ಕಳೆಯುವುದು. ಸ್ಕೋರ್‌ಶೀಟಿಗಿಂತ ಇದು ಎಷ್ಟೋ ಮೇಲು. ಆದರೆ ಎದುರಾಳಿಯ ಕೈಗೆ ಚೆಂಡೇ ಸಿಗದಂತೆ ನಿಂತವಳನ್ನು ಈ ಸೂತ್ರವೂ ಹಿಡಿಯುವುದಿಲ್ಲ. ನಡೆಯದೇ ಹೋದ ಪಾಸ್ ಅನ್ನು ಯಾವ ಮನೆಯಲ್ಲಿ ಬರೆಯುವುದು? ಅದಕ್ಕಾಗಿಯೇ ಪ್ಲಸ್-ಮೈನಸ್ ಎಂಬ ಇನ್ನೊಂದು ಲೆಕ್ಕ ಬಂತು: ಒಬ್ಬ ಆಟಗಾರ್ತಿ ಅಂಗಳದಲ್ಲಿದ್ದಷ್ಟು ಹೊತ್ತು ತಂಡ ಎಷ್ಟು ಅಂಕ ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು ಎಂಬುದರ ವ್ಯತ್ಯಾಸ. ಒಂದೇ ಪಂದ್ಯದಲ್ಲಿ ಅದು ದಾರಿ ತಪ್ಪಿಸಬಹುದು. ಹತ್ತಾರು ಪಂದ್ಯಗಳಲ್ಲಿ ಅದು ಆಡುವ ಮಾತಿಗೆ ತೂಕ ಇರುತ್ತದೆ.

ಅಂಕ ಹೊಡೆಯದವರ ಕಥೆ ಎಷ್ಟು ಹಳೆಯದು ಎಂಬುದಕ್ಕೆ ಅಮೆರಿಕದ ಅಯೋವಾ ರಾಜ್ಯವನ್ನು ನೋಡಬೇಕು. ಅಲ್ಲಿನ ಹೈಸ್ಕೂಲು ಹುಡುಗಿಯರು 1993ರವರೆಗೂ ಆರು ಮಂದಿಯ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಮೂವರು ಫಾರ್ವರ್ಡ್‌ಗಳು ಅಂಗಳದ ಒಂದು ಅರ್ಧದಲ್ಲಿ, ಮೂವರು ಗಾರ್ಡ್‌ಗಳು ಇನ್ನೊಂದು ಅರ್ಧದಲ್ಲಿ, ನಡುಗೆರೆ ದಾಟುವಂತಿಲ್ಲ. ಶಾಟ್ ಹೊಡೆಯುವ ಅಧಿಕಾರ ಫಾರ್ವರ್ಡ್‌ಗಳಿಗೆ ಮಾತ್ರ. 1968ರ ರಾಜ್ಯ ಟೂರ್ನಿಯಲ್ಲಿ ಡೆನಿಸ್ ಲಾಂಗ್ ಎಂಬ ಹುಡುಗಿ ಒಂದೇ ಪಂದ್ಯದಲ್ಲಿ 111 ಅಂಕ ಹೊಡೆದಳು. ಮರುವರ್ಷ ಪುರುಷರ ವೃತ್ತಿಪರ ತಂಡವಾದ ಸ್ಯಾನ್ ಫ್ರಾನ್ಸಿಸ್ಕೋ ವಾರಿಯರ್ಸ್ ಡ್ರಾಫ್ಟ್‌ನಲ್ಲಿ ಅವಳ ಹೆಸರು ಕರೆಯಿತು. 111 ಅಂಕ ಬಂದ ಆ ದಿನ ಅಂಗಳದ ಆಚೆ ಅರ್ಧದಲ್ಲಿ ತಡೆಯುತ್ತಿದ್ದ ಅವಳದೇ ತಂಡದ ಗಾರ್ಡ್‌ಗಳಿಗೆ ಜೀವಮಾನದಲ್ಲಿ ಒಂದು ಅಂಕ ಹೊಡೆಯಲೂ ನಿಯಮ ಬಿಡುತ್ತಿರಲಿಲ್ಲ. ಇವತ್ತಿನ ನಿಯಮದಲ್ಲಿ ಐವರೂ ಎಲ್ಲ ಕಡೆ ಓಡಬಹುದು, ಎಲ್ಲರೂ ಹೊಡೆಯಬಹುದು. ಆದರೆ ಹೆಸರು ಹೇಳುವಾಗ ನಾವು ಇನ್ನೂ ಆ ನಡುಗೆರೆಯನ್ನು ದಾಟಿಲ್ಲ ಎಂದೇ ನನ್ನ ಅನಿಸಿಕೆ.

ಅಮೆರಿಕದ ಪಟ್ಟಿಗಳ ಬಗ್ಗೆ ಕೇಳಿದ್ದೀರಿ. ಅಲ್ಲಿ ಕ್ರೀಡಾ ಪತ್ರಕರ್ತರು, ಸ್ಕೌಟ್‌ಗಳು ದೇಶದ ಹೈಸ್ಕೂಲು ಹುಡುಗಿಯರಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತಾರೆ, ನಕ್ಷತ್ರ ಕೊಡುತ್ತಾರೆ. ಹೈಸ್ಕೂಲು ಮುಗಿಸುವವರಲ್ಲಿ 24 ಹುಡುಗಿಯರನ್ನು ಆರಿಸಿ ಮೆಕ್‌ಡೊನಾಲ್ಡ್ಸ್ ಆಲ್ ಅಮೆರಿಕನ್ ಪಂದ್ಯ ಆಡಿಸುತ್ತಾರೆ. ಹುಡುಗಿಯರಿಗೆ ಅದು ಶುರುವಾದದ್ದು 2002ರಲ್ಲಿ, ಹುಡುಗರಿಗೆ ಅಷ್ಟು ಹೊತ್ತಿಗೆ ಎರಡು ದಶಕ ಕಳೆದಿತ್ತು. ಪಟ್ಟಿಯಲ್ಲಿ ಬಂದವರಿಗೆ ಕಾಲೇಜು ವಿದ್ಯಾರ್ಥಿವೇತನದ ಬಾಗಿಲು ತೆರೆಯುತ್ತದೆ, ನಿಜ. ಆದರೆ ಸ್ಕೌಟ್ ಬರುವ ಬೇಸಿಗೆ ಟೂರ್ನಿಗಳಿಗೆ ಹೋಗಿಬರುವ ಖರ್ಚು ಭರಿಸಲಾಗದ ಮನೆಯ ಹುಡುಗಿ ಅಲ್ಲೂ ಕಣ್ಣಿಗೆ ಬೀಳುವುದು ಕಷ್ಟ. ಅಂಕದ ಮೋಹವೂ ಅಲ್ಲಿ ಕಡಿಮೆಯಿಲ್ಲ. 1990ರಲ್ಲಿ ಕ್ಯಾಲಿಫೋರ್ನಿಯಾದ ಲೀಸಾ ಲೆಸ್ಲಿ ಪಂದ್ಯದ ಮೊದಲರ್ಧದಲ್ಲೇ 101 ಅಂಕ ಹೊಡೆದಾಗ ಎದುರಾಳಿ ತಂಡ ಆಟ ಬಿಟ್ಟು ಹೊರಟುಹೋಯಿತು. 2006ರಲ್ಲಿ ನ್ಯೂಯಾರ್ಕಿನ ಎಪಿಫನಿ ಪ್ರಿನ್ಸ್ 113 ಅಂಕ ಹೊಡೆದಳು. ಪಂದ್ಯದ ಫಲಿತಾಂಶ 137–32. ಇಬ್ಬರೂ ಮುಂದೆ ನಿಜಕ್ಕೂ ದೊಡ್ಡ ಆಟಗಾರ್ತಿಯರಾದರು, ಅದರಲ್ಲಿ ಎರಡು ಮಾತಿಲ್ಲ. ಆದರೆ 32 ಅಂಕಕ್ಕೆ ಕುಸಿದ ತಂಡದ ಎದುರು ಬಂದ 113, ಸಮಬಲದ ತಂಡದ ಎದುರು ಬಂದ 15ಕ್ಕಿಂತ ಆಟಗಾರ್ತಿಯ ಬಗ್ಗೆ ಹೆಚ್ಚು ಹೇಳುತ್ತದೆಂದು ನಾನು ಒಪ್ಪಲಾರೆ. ಎದುರಾಳಿ ಯಾರು ಎಂದು ಕೇಳದೆ ಅಂಕಗಳನ್ನು ಹೋಲಿಸುವ ಪಟ್ಟಿ ನಮಗೆ ಬೇಡ.

ಇನ್ನು ನಮ್ಮ ದೇಶದ ವಿಚಾರ. ನಮ್ಮಲ್ಲಿ ಪಟ್ಟಿ ಇಲ್ಲ ಎಂದುಕೊಂಡಿದ್ದೀರಿ. ಇದೆ, ಆದರೆ ಅದು ಪ್ರಮಾಣಪತ್ರದ ರೂಪದಲ್ಲಿದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ದೇಶಕ್ಕೆ ಆಡಿದವರಿಗೆ ಫಾರ್ಮ್ 1, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯಕ್ಕೆ ಆಡಿದವರಿಗೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಫಾರ್ಮ್ 4. ಪೋತ್ತನೂರಿನವರಾದ ನಿಮಗೆ ರೈಲ್ವೆ ನೌಕರಿಯ ಬೆಲೆ ನಾನು ಹೇಳಬೇಕಾಗಿಲ್ಲ. ಸಿಗ್ನಲ್ ವರ್ಕ್‌ಶಾಪು, ರೈಲ್ವೆ ಕಾಲೊನಿ ನೋಡುತ್ತಲೇ ಬೆಳೆದ ಊರು. ಭಾರತದ ಮಹಿಳಾ ಬಾಸ್ಕೆಟ್‌ಬಾಲ್ ಬದುಕಿರುವುದೇ ಬಹುಪಾಲು ರೈಲ್ವೆಯ ನೌಕರಿಯ ಮೇಲೆ. 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ಗೆ ಹೋದ ಗೀತು ಅನ್ನಾ ಜೋಸ್, 2021ರಲ್ಲಿ ಪದ್ಮಶ್ರೀ ಪಡೆದ ಚೆನ್ನೈನ ಅನಿತಾ ಪೌಲ್‌ದುರೈ ಇಬ್ಬರೂ ದಕ್ಷಿಣ ರೈಲ್ವೆಯವರು. ಆ ರೈಲ್ವೆಯ ಕ್ರೀಡಾ ಕೋಟಾ ಅಧಿಸೂಚನೆಗಳಲ್ಲಿ ನೂರು ಅಂಕ ಹಂಚಿರುವ ರೀತಿ ನೋಡಿ: ಟ್ರಯಲ್ಸ್‌ನಲ್ಲಿ ತೋರಿದ ಆಟಕ್ಕೆ 40, ಹಿಂದಿನ ಕ್ರೀಡಾ ಸಾಧನೆಗೆ 50, ಓದಿಗೆ 10. ಅಂಗಳದಲ್ಲಿ ಕಣ್ಣೆದುರು ಆಡಿದ ಆಟಕ್ಕಿಂತ ಹಳೆಯ ಪತ್ರಗಳಿಗೆ ಹೆಚ್ಚು ತೂಕ. ಆ ಪತ್ರಗಳು ಹುಟ್ಟುವುದು ಶಾಲಾ ದಿನಗಳಲ್ಲಿ, ಯಾವುದೋ ಬೆಳಿಗ್ಗೆ ಎರಡು ಗಂಟೆಯಲ್ಲಿ ಮುಗಿಯುವ ಜಿಲ್ಲಾ ಆಯ್ಕೆಯಲ್ಲಿ.

ಹೀಗಾಗಿ ಹದಿನೈದರ ಹುಡುಗಿಯನ್ನು ಹನ್ನೆರಡು ಜನರ ಪಟ್ಟಿಯಿಂದ ಬಿಡುವುದು ಸಣ್ಣ ವಿಷಯವಲ್ಲ. ಜಿಲ್ಲೆಗೆ ಆಡದವಳು ರಾಜ್ಯಕ್ಕೆ ಆಡಲಾರಳು, ರಾಜ್ಯಕ್ಕೆ ಆಡದವಳಿಗೆ ಫಾರ್ಮ್ 2 ಇಲ್ಲ, ಫಾರ್ಮ್ ಇಲ್ಲದವಳು ಎಷ್ಟು ಚೆನ್ನಾಗಿ ಆಡಿದರೂ ಆ ಐವತ್ತು ಅಂಕದ ಬಾಗಿಲಲ್ಲೇ ನಿಲ್ಲುತ್ತಾಳೆ. ಪ್ಲಸ್ ಟೂ ಪರೀಕ್ಷೆ ಹತ್ತಿರ ಬಂದಾಗ, ಪತ್ರವೂ ಇಲ್ಲ ಏನೂ ಇಲ್ಲ, ಇನ್ಯಾಕೆ ಆಟ ಎಂದು ಮನೆಯಲ್ಲಿ ಕೇಳುತ್ತಾರೆ. ಹುಡುಗನಿಗೆ ಸಂಜೆ ಮೈದಾನ ಹೇಗೂ ಉಳಿಯುತ್ತದೆ, ಹುಡುಗಿಗೆ ಅದೂ ಉಳಿಯುವುದಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿದು ಮುಖ್ಯ ವರ್ಷವನ್ನೇ ಕಳೆದುಕೊಳ್ಳುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಅದಕ್ಕೂ ಯಾವ ಪತ್ರದಲ್ಲೂ ಜಾಗವಿಲ್ಲ.

ಇಂಥ ಹುಡುಗಿಯರು ಆಯ್ಕೆಯಾಗದಿರಲು ಶಾಲಾ ಕ್ರೀಡಾಕೂಟದ ರಚನೆಯೇ ಇನ್ನೊಂದು ಕಾರಣ. ನಿಮ್ಮ ತಮಿಳುನಾಡಿನಲ್ಲಿ ಕುರುವಟ್ಟದಿಂದ, ಅಂದರೆ ವಲಯದಿಂದ, ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ. ನಮ್ಮ ಕರ್ನಾಟಕದಲ್ಲಿ ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ. ಗೆದ್ದ ಶಾಲೆ ಮೇಲಕ್ಕೆ, ಸೋತ ಶಾಲೆ ಮನೆಗೆ. ಸೋತ ಶಾಲೆಯಲ್ಲಿ ಒಬ್ಬಳು ಒಳ್ಳೆಯ ಗಾರ್ಡ್ ಇದ್ದರೆ ಅವಳನ್ನು ಒಂದೇ ಪಂದ್ಯದಲ್ಲಿ, ಅದೂ ಸೋಲುತ್ತಿರುವ ಪಂದ್ಯದಲ್ಲಿ ಯಾರಾದರೂ ನೋಡಿದ್ದರೆ ಉಂಟು. ಕ್ರೀಡಾ ಹಾಸ್ಟೆಲ್ ಇರುವ, ಕಾಯಂ ಕೋಚ್ ಇರುವ ಶಾಲೆಯ ಹುಡುಗಿಯರು ಆಯ್ಕೆದಾರರ ಕಣ್ಣಿಗೆ ವರ್ಷಕ್ಕೆ ಹತ್ತಾರು ಸಲ ಬೀಳುತ್ತಾರೆ. ಆಯ್ಕೆದಾರ ಪ್ರಾಮಾಣಿಕನೇ ಇರಲಿ, ನೋಡಿದವರನ್ನೇ ತಾನೇ ಆತ ಆರಿಸುವುದು.

ಎತ್ತರದ ಮಾತಿಗೂ ಬರೋಣ. ಹುಡುಗಿಯರು ಸರಾಸರಿ ಹನ್ನೆರಡರ ಆಸುಪಾಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ, ಹುಡುಗರು ಅದಕ್ಕೆ ಸುಮಾರು ಎರಡು ವರ್ಷ ತಡವಾಗಿ. ಹದಿನೈದು, ಹದಿನಾರಕ್ಕೆ ಹೆಚ್ಚಿನ ಹುಡುಗಿಯರ ಎತ್ತರ ನಿಂತುಬಿಡುತ್ತದೆ. ಹದಿನಾಲ್ಕರೊಳಗಿನ ತಂಡಕ್ಕೆ ಎತ್ತರ ನೋಡಿ ಆರಿಸಿದರೆ ಬೇಗ ಬೆಳೆದವಳನ್ನು ಆರಿಸಿದ ಹಾಗೆ. ಮೂರು ವರ್ಷ ಕಳೆದರೆ ಅವಳ ಪಕ್ಕದಲ್ಲಿ ಕುಳ್ಳಗೆ ಕಂಡವಳು ಅವಳನ್ನು ಮೀರಿರಬಹುದು. ಒಂದೇ ವಯೋವರ್ಗದಲ್ಲಿ ಜನವರಿಯಲ್ಲಿ ಹುಟ್ಟಿದವಳೂ ಡಿಸೆಂಬರ್‌ನಲ್ಲಿ ಹುಟ್ಟಿದವಳೂ ಒಟ್ಟಿಗೆ ನಿಲ್ಲುತ್ತಾರೆ. ಕೆನಡಾದ ಮನಃಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಲೆಕ್ಕ ಹಾಕಿ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಾದವರಲ್ಲಿ ತುಂಬಿದ್ದಾರೆಂದು ತೋರಿಸಿದರು. ಪ್ರತಿಭೆಗೆ ತಿಂಗಳಿನ ಹಂಗಿಲ್ಲ. ಹನ್ನೊಂದು ತಿಂಗಳ ಹೆಚ್ಚಿನ ಬೆಳವಣಿಗೆಯನ್ನು ಪ್ರತಿಭೆ ಎಂದು ಎಣಿಸಿದ್ದರ ಫಲ ಅದು.

ಹಾಗಾದರೆ ನಮಗೂ ಒಂದು, ಎರಡು, ಮೂರರ ಪಟ್ಟಿ ಬೇಕೇ? ಬೇಡ ಎನ್ನುತ್ತೇನೆ. ನಿಮ್ಮ ರಾಜ್ಯವೇ 2017ರಲ್ಲಿ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಫಲಿತಾಂಶದ ಜೊತೆ ರ‍್ಯಾಂಕ್ ಪ್ರಕಟಿಸುವುದನ್ನು ನಿಲ್ಲಿಸಿತು. ಒಂದೇ ಪ್ರಶ್ನೆಪತ್ರಿಕೆ ಬರೆದ ಮಕ್ಕಳಿಗೇ ಸ್ಥಾನ ಕೊಡುವುದು ಬೇಡ ಎಂದ ಮೇಲೆ, ಬೇರೆ ಬೇರೆ ಎದುರಾಳಿಗಳ ಎದುರು, ಬೇರೆ ಬೇರೆ ಕೆಲಸ ಮಾಡುವ ಹುಡುಗಿಯರಿಗೆ ಕ್ರಮಸಂಖ್ಯೆ ಹಚ್ಚುವುದು ಹೇಗೆ ಸರಿಯಾದೀತು? ಐದು ಜನರ ಆಟದಲ್ಲಿ ಪಾಯಿಂಟ್ ಗಾರ್ಡ್‌ಗೂ ಸೆಂಟರ್‌ಗೂ ಒಂದೇ ಅಳತೆಗೋಲು ಇಲ್ಲ. ಬೇಕಾಗಿರುವುದು ಸ್ಥಾನಸಂಖ್ಯೆಯಿಲ್ಲದ ಮನ್ನಣೆ: ಚೆಂಡು ನಡೆಸುವವರು, ತಡೆಯುವವರು, ರಿಬೌಂಡ್ ಹಿಡಿಯುವವರು, ದೂರದಿಂದ ಹೊಡೆಯುವವರು ಎಂದು ಬೇರೆ ಬೇರೆಯಾಗಿ ಹೆಸರಿಸುವ ಗುಂಪುಪಟ್ಟಿ. ಜಿಲ್ಲಾ ಸಂಸ್ಥೆ ಆಯ್ಕೆಗೆ ಮುಂಚೆಯೇ ತನ್ನ ಮಾನದಂಡಗಳನ್ನು ಬರೆದು ಫಲಕಕ್ಕೆ ಹಚ್ಚಬೇಕು. ಹನ್ನೆರಡರಲ್ಲಿ ಕೆಲವು ಜಾಗವನ್ನಾದರೂ ಮೊದಲ ಸುತ್ತಿನಲ್ಲೇ ಸೋತ ಶಾಲೆಗಳ ಹುಡುಗಿಯರನ್ನು ಕರೆಸಿ ಆಡಿಸಿ ನೋಡಿದ ಮೇಲೆ ತುಂಬಬೇಕು. ಕೈಬಿಟ್ಟ ಹುಡುಗಿಗೆ ಯಾಕೆ ಬಿಟ್ಟೆವು, ಏನು ಸುಧಾರಿಸಬೇಕು ಎಂದು ಎರಡು ಸಾಲು ಬರೆದುಕೊಡಬೇಕು. ಇದಕ್ಕೆಲ್ಲ ಹಣ ಬೇಕಿಲ್ಲ, ಒಂದು ಸಂಜೆಯ ಕೆಲಸ.

ತಡೆಯುವ ಆಟದ ಬೆಲೆಗೆ ಒಂದು ಉದಾಹರಣೆ ಕೊಡುತ್ತೇನೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಹುಡುಗಿಯರು ಫಿಬಾ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್ ಗೆದ್ದರು. ಅನಿತಾ ಪೌಲ್‌ದುರೈ, ಕರ್ನಾಟಕದ ನವನೀತಾ ಆ ತಂಡದಲ್ಲಿದ್ದರು. ಕಜಕಸ್ತಾನದ ಎದುರು ಅಂಕ 75–73. ಒಂದು ಬಾಸ್ಕೆಟ್‌ನ ಅಂತರ. ಅಂಥ ಪಂದ್ಯದಲ್ಲಿ ನಾವು ಹೊಡೆದ ಒಂದು ಬಾಸ್ಕೆಟ್‌ಗೆ ಎಷ್ಟು ಬೆಲೆಯೋ, ಅವರು ಹೊಡೆಯದಂತೆ ತಡೆದ ಒಂದು ಬಾಸ್ಕೆಟ್‌ಗೂ ಅಷ್ಟೇ ಬೆಲೆ. ಇದನ್ನು ಆಯ್ಕೆದಾರರಿಗೆ ಯಾರೂ ಕಲಿಸಬೇಕಿಲ್ಲ, ಅವರೂ ಆಡಿ ಬಂದವರೇ. ಆದರೆ ಆಯ್ಕೆಯ ಮೇಜಿನ ಮೇಲೆ ಕಾಗದ ಬೇಕಾಗುತ್ತದೆ, ಆ ಕಾಗದ ಈಗ ಇಲ್ಲ.

ಅದನ್ನು ನೀವೇ ಶುರುಮಾಡಿ. ಮುಂದಿನ ಪಂದ್ಯಕ್ಕೆ ಒಂದು ನೋಟ್‌ಬುಕ್ ಒಯ್ಯಿರಿ. ಮಗಳ ಹೆಸರಿನ ಮುಂದೆ ಮಾತ್ರ ಬೇಡ, ಎರಡೂ ತಂಡದ ಎಲ್ಲ ಹುಡುಗಿಯರ ಹೆಸರಿನ ಮುಂದೆ ರಿಬೌಂಡ್, ಅಸಿಸ್ಟ್, ಸ್ಟೀಲ್, ಕಳೆದುಕೊಂಡ ಚೆಂಡು ಎಂದು ನಾಲ್ಕು ಮನೆ ಹಾಕಿ ಗೀಟು ಎಳೆಯಿರಿ. ನಿಮ್ಮ ಮಗಳು ತಡೆದ ಹುಡುಗಿ ಸಾಮಾನ್ಯವಾಗಿ ಎಷ್ಟು ಅಂಕ ಹೊಡೆಯುತ್ತಾಳೆ, ಆ ದಿನ ಎಷ್ಟು ಹೊಡೆದಳು ಎಂಬುದನ್ನೂ ಬರೆಯಿರಿ. ಎರಡೂ ಶಾಲೆಗಳ ದೈಹಿಕ ಶಿಕ್ಷಕರಿಗೆ ಪ್ರತಿ ಕೊಡಿ. ಬೇರೆ ಪೋಷಕರೂ ಕೈಜೋಡಿಸಿದರೆ ಒಂದು ಋತುವಿನಲ್ಲಿ ಕೊಯಮತ್ತೂರಿನ ಹುಡುಗಿಯರ ಒಂದು ನಂಬಬಹುದಾದ ದಾಖಲೆ ತಯಾರಾಗುತ್ತದೆ. ನಗರದಲ್ಲಿ ನಡೆಯುವ ಅಖಿಲ ಭಾರತ ಸಿಆರ್‌ಐ ಪಂಪ್ಸ್ ಮಹಿಳಾ ಟ್ರೋಫಿಗೆ ಮಗಳನ್ನು ಕರೆದೊಯ್ದು, ರೈಲ್ವೆ ತಂಡಗಳ ಗಾರ್ಡ್‌ಗಳು ಚೆಂಡಿಲ್ಲದಾಗ ಕಾಲು ಹೇಗೆ ಇಡುತ್ತಾರೆ ಎಂಬುದನ್ನು ತೋರಿಸಿ. ಹತ್ತನೇ ತರಗತಿಯವಳಿಗೆ ಹದಿನೆಂಟರೊಳಗಿನ ಜೂನಿಯರ್ ಆಯ್ಕೆಗಳು ಇನ್ನೂ ಮುಂದಿವೆ. ಅವಳನ್ನು ಆಟ ಬಿಡಿಸಬೇಡಿ.