ಕೇಸ್ ಶೀಟ್ ಪ್ರತಿ ಕೇಳುವುದು ರೋಗಿಯ ಹಕ್ಕು

ಪ್ರಶ್ನೆ: ಕಳೆದ ವರ್ಷ ನಮ್ಮ ತಂದೆಯವರಿಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಈಗ ಬೇರೆ ವೈದ್ಯರು ಹಳೆಯ ಕೇಸ್ ಶೀಟ್ ತರಲು ಹೇಳಿದ್ದಾರೆ. ಆಸ್ಪತ್ರೆಯವರು ‘ಡಿಸ್ಚಾರ್ಜ್ ಸಮ್ಮರಿ ಕೊಟ್ಟಾಗಿದೆ, ಕೇಸ್ ಶೀಟ್ ಹೊರಗೆ ಕೊಡುವುದಿಲ್ಲ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೂಲ ಕಡತ ಆಸ್ಪತ್ರೆಯಲ್ಲೇ ಇರಬೇಕು, ನಿಜ. ಆದರೆ ಅದರ ಪ್ರತಿಯನ್ನು ಕೊಡುವುದಿಲ್ಲ ಎನ್ನುವಂತಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ: ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಒದಗಿಸಬೇಕು. ತಪ್ಪಿದರೆ ಅದು ವೈದ್ಯರ ವೃತ್ತಿ ದುರ್ನಡತೆ.

ಡಿಸ್ಚಾರ್ಜ್ ಸಮ್ಮರಿ ಬರೀ ಸಾರಾಂಶ. ಯಾವ ಅರಿವಳಿಕೆ ಕೊಟ್ಟರು, ಆಪರೇಷನ್ ವೇಳೆ ಏನು ಕಂಡಿತು, ಯಾವ ಔಷಧ ಎಷ್ಟು ಹೊತ್ತಿಗೆ ಹಾಕಿದರು, ರಾತ್ರಿ ಬಿಪಿ ಎಷ್ಟಿತ್ತು ಎಂಬ ವಿವರವೆಲ್ಲ ಇರುವುದು ಕೇಸ್ ಶೀಟ್‌ನಲ್ಲಿ. ಹೊಸ ವೈದ್ಯರು ಕೇಳುತ್ತಿರುವುದು ಅದಕ್ಕೇ.

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಅವರಿಗೆ ಅರ್ಜಿ ಬರೆಯಿರಿ. ತಂದೆಯವರ ಹೆಸರು, ಐಪಿ ನಂಬರ್, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ನಮೂದಿಸಿ. ‘ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿ, ನರ್ಸ್‌ಗಳ ದಾಖಲೆ, ಲ್ಯಾಬ್ ಮತ್ತು ಸ್ಕ್ಯಾನ್ ವರದಿಗಳ ಸಹಿತ ಪೂರ್ಣ ಕೇಸ್ ಶೀಟ್ ಪ್ರತಿ ಕೊಡಿ’ ಎಂದು ಬಿಡಿಸಿ ಬರೆಯಿರಿ. ತಂದೆಯವರ ಸಹಿ ಇರಲಿ. ನೀವು ಹೋಗುವುದಾದರೆ ಅವರ ಅಧಿಕಾರ ಪತ್ರ ಮತ್ತು ಇಬ್ಬರ ಗುರುತಿನ ಚೀಟಿಯ ನಕಲು ಜೊತೆಗಿರಲಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಳ್ಳಿ. ಅರ್ಜಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಜೆರಾಕ್ಸ್ ಖರ್ಚು ಕೇಳಿದರೆ ಕೊಟ್ಟು ಬಿಲ್ ಪಡೆಯಿರಿ.

ಆಗಲೂ ಕೊಡದಿದ್ದರೆ ವೈದ್ಯರ ವಿರುದ್ಧ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಆಸ್ಪತ್ರೆಯ ವಿರುದ್ಧ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿಯೂ ನಡೆಯುತ್ತದೆ. ಅದಕ್ಕೆ 30 ದಿನಗಳ ಗಡುವು.

ಒಂದು ಎಚ್ಚರಿಕೆ: 3 ವರ್ಷದ ಈ ನಿಯಮ ಒಳರೋಗಿಗಳ ದಾಖಲೆಗೆ ಮಾತ್ರ. ಓಪಿಡಿ ಚೀಟಿಗಳನ್ನು ನೀವೇ ಜೋಪಾನ ಮಾಡಬೇಕು. ನಿಮ್ಮ ವಿಷಯದಲ್ಲಿ ಒಂದು ವರ್ಷ ಆಗಲೇ ಕಳೆದಿದೆ. ತಡಮಾಡದೆ ಈ ವಾರವೇ ಅರ್ಜಿ ಕೊಡಿ.