ನ್ಯೂಪೋರ್ಟ್ ನಗರದ ದೇವಮಂದಿರಗಳು

ಅಮೆರಿಕ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಮುಗಿಲು ಮುಟ್ಟುವ ಕಟ್ಟಡಗಳು, ದೊಡ್ಡ ಕಾರ್ಖಾನೆಗಳು, ಡಾಲರು. ಆ ನಾಡಿಗೆ ಮೊದಮೊದಲು ಹಡಗು ಹತ್ತಿದವರಲ್ಲಿ ಅನೇಕರು ತಮಗೆ ಸರಿತೋರಿದ ರೀತಿಯಲ್ಲಿ ದೇವರನ್ನು ಪ್ರಾರ್ಥಿಸಬೇಕೆಂದೇ ಹೋದವರು ಎಂಬುದನ್ನು ಚರಿತ್ರೆಯ ತರಗತಿಯಲ್ಲಿ ಓದುತ್ತೇವೆ; ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಅಂಥವರು ಕಟ್ಟಿದ ಒಂದು ಪುಟ್ಟ ನಗರದ ವಿಚಾರವನ್ನು ಇಲ್ಲಿ ವಾಚಕರ ಮುಂದಿಡಲು ಯತ್ನಿಸುತ್ತೇನೆ. ನಗರದ ಹೆಸರು ನ್ಯೂಪೋರ್ಟ್. ರೋಡ್ ಐಲೆಂಡ್ ಎಂಬ ಅತಿ ಚಿಕ್ಕ ಸಂಸ್ಥಾನದಲ್ಲಿ, ಕಡಲ ದಂಡೆಯಲ್ಲಿದೆ. ಇಂದಿಗೂ ಅಲ್ಲಿಯ ಜನಸಂಖ್ಯೆ ಇಪ್ಪತ್ತೈದು ಸಾವಿರದ ಆಸುಪಾಸು ಮಾತ್ರ.

ಇಂಗ್ಲೆಂಡಿನಲ್ಲಿ ಕಿರುಕುಳವನ್ನು ತಾಳಲಾರದೆ ಬಂದ ಪ್ಯೂರಿಟನ್ನರು ಮ್ಯಾಸಚೂಸೆಟ್ಸಿನಲ್ಲಿ ನೆಲೆಯೂರಿದ ಮೇಲೆ, ತಮಗಿಂತ ಭಿನ್ನವಾಗಿ ನಂಬುವವರಿಗೆ ತಾವೇ ಕಿರುಕುಳ ಕೊಡತೊಡಗಿದರು. ಹಾಗೆ ಗಡೀಪಾರಾದ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಊರನ್ನು ಸ್ಥಾಪಿಸಿದನು. ನ್ಯೂಪೋರ್ಟ್ ಹುಟ್ಟಿದ್ದು 1639ರಲ್ಲಿ. ಅದರ ಸ್ಥಾಪಕರಲ್ಲೊಬ್ಬನ ಹೆಂಡತಿ ಮೇರಿ ಡಯರ್ ಕ್ವೇಕರ್ ಪಂಥವನ್ನು ಸೇರಿದಳು. ಕ್ವೇಕರರು ಕಾಲಿಡಬಾರದೆಂಬ ಶಾಸನವಿದ್ದ ಬಾಸ್ಟನ್ ನಗರಕ್ಕೆ ಆಕೆ ಮತ್ತೆ ಮತ್ತೆ ಹೋದಳು; 1660ರಲ್ಲಿ ಅಲ್ಲಿ ಆಕೆಯನ್ನು ಗಲ್ಲಿಗೇರಿಸಿದರು. ಅದಕ್ಕೂ ಮುಂಚೆ, 1651ರಲ್ಲಿ, ನ್ಯೂಪೋರ್ಟಿನ ಬ್ಯಾಪ್ಟಿಸ್ಟ್ ಒಬೆಡಾಯ ಹೋಮ್ಸನಿಗೆ ಅದೇ ಬಾಸ್ಟನ್ನಿನಲ್ಲಿ ಮೂವತ್ತು ಚಾಟಿಯೇಟು ಬಿದ್ದಿತ್ತು.

ಹೋಮ್ಸನೊಡನೆ ಸೆರೆಯಾಗಿದ್ದ ಜಾನ್ ಕ್ಲಾರ್ಕ್ ವೈದ್ಯನೂ ಹೌದು, ಬ್ಯಾಪ್ಟಿಸ್ಟ್ ಪಾದ್ರಿಯೂ ಹೌದು. ಆತ ಇಂಗ್ಲೆಂಡಿಗೆ ಹೋಗಿ, ಸುಮಾರು ಹನ್ನೆರಡು ವರ್ಷ ಅಲ್ಲಿಯೇ ಬೀಡುಬಿಟ್ಟು, 1663ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯಿಂದ ಒಂದು ಸನ್ನದನ್ನು ಪಡೆದನು. ಶಾಂತಿಭಂಗ ಮಾಡದ ಯಾರನ್ನೂ ಧರ್ಮದ ವಿಷಯದಲ್ಲಿನ ಅಭಿಪ್ರಾಯಭೇದಕ್ಕಾಗಿ ದಂಡಿಸಕೂಡದು ಎಂಬುದು ಅದರ ತಿರುಳು. ಈ ಸನ್ನದು 1843ರವರೆಗೆ, ಅಂದರೆ 180 ವರ್ಷ, ಜಾರಿಯಲ್ಲಿತ್ತು.

ಸನ್ನದಿನ ಫಲವನ್ನು ನ್ಯೂಪೋರ್ಟಿನ ಬೀದಿಗಳಲ್ಲಿ ಇಂದಿಗೂ ಕಾಣಬಹುದು. 1699ರಲ್ಲಿ ಕಟ್ಟಿದ ಕ್ವೇಕರರ ಸಭಾಮಂದಿರವಿದೆ. ಬಲಿಪೀಠವಿಲ್ಲ, ಪಾದ್ರಿಯಿಲ್ಲ, ಎಲ್ಲರೂ ಮೌನವಾಗಿ ಕೂರುವುದು, ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡುವುದು, ಇಷ್ಟೇ ಅವರ ಪೂಜೆ. ಈಗ ಆ ಕಟ್ಟಡ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಇಂಗ್ಲೆಂಡಿನ ಅಧಿಕೃತ ಪಂಥದವರು 1726ರಲ್ಲಿ ಕಟ್ಟಿದ ಟ್ರಿನಿಟಿ ಚರ್ಚು ಮರದ್ದು, ಬಿಳಿಯ ಬಣ್ಣದ್ದು, ಎತ್ತರವಾದ ಶಿಖರವುಳ್ಳದ್ದು. 1730ರ ಇನ್ನೊಂದು ಮಂದಿರ ಶನಿವಾರವನ್ನೇ ಪವಿತ್ರದಿನವೆಂದು ಪಾಲಿಸುವ ಬ್ಯಾಪ್ಟಿಸ್ಟರದು. ಶನಿವಾರವನ್ನೇ ಪಾಲಿಸುವ ಯೆಹೂದ್ಯರ ಪ್ರಾರ್ಥನಾಮಂದಿರವಾದ ಟೂರೊ ಸಿನಗಾಗ್ 1763ರಲ್ಲಿ ಪ್ರಾರಂಭವಾಯಿತು. ಆ ದೇಶದಲ್ಲಿ ಇಂದು ಉಳಿದಿರುವ ಸಿನಗಾಗ್ ಕಟ್ಟಡಗಳಲ್ಲಿ ಇದೇ ಅತಿ ಹಳೆಯದು. ಅದರ ನಕ್ಷೆ ಮಾಡಿಕೊಟ್ಟವನು ಪೀಟರ್ ಹ್ಯಾರಿಸನ್ ಎಂಬ ಕ್ರೈಸ್ತ! ಒಂದೇ ಊರು, ಕೆಲವೇ ಬೀದಿಗಳು. ಶನಿವಾರ ಕೆಲವರ ಮನೆಯಲ್ಲಿ ಬಿಡುವು, ಭಾನುವಾರ ಮಿಕ್ಕವರ ಮನೆಯಲ್ಲಿ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಲೇಖನ ಸೊಗಸಾಗಿ ಮುಗಿಯುತ್ತಿತ್ತು. ನಾನು ಮೊದಲು ಯೋಚಿಸಿದ್ದುದೂ ಹಾಗೆಯೇ. ಆದರೆ ಓದುತ್ತ ಹೋದಂತೆ ಬೇರೊಂದು ಚಿತ್ರ ಕಾಣಿಸಿಕೊಂಡಿತು.

ಏರನ್ ಲೋಪೆಜ್ ಎಂಬ ಯೆಹೂದ್ಯ ವರ್ತಕ ನ್ಯೂಪೋರ್ಟಿನ ದೊಡ್ಡ ಶ್ರೀಮಂತರಲ್ಲೊಬ್ಬ. ಆತ ಪೌರತ್ವ ಬೇಡಿ ಸಲ್ಲಿಸಿದ ಅರ್ಜಿಯನ್ನು ರೋಡ್ ಐಲೆಂಡಿನ ನ್ಯಾಯಾಲಯ 1762ರಲ್ಲಿ ತಳ್ಳಿಹಾಕಿತು. ಕಾರಣ, ಆತ ಕ್ರೈಸ್ತನಲ್ಲ. ಪ್ರಾರ್ಥಿಸಬಹುದು, ಮಂದಿರ ಕಟ್ಟಿಕೊಳ್ಳಬಹುದು, ವ್ಯಾಪಾರ ಮಾಡಬಹುದು. ಊರಿನ ಆಡಳಿತದಲ್ಲಿ ಮಾತ್ರ ಪಾಲು ಕೇಳಬಾರದು. ವಿಚಿತ್ರವೆಂದರೆ, ಅದೇ ವರ್ಷ ಅವನಿಗೆ ಪೌರತ್ವ ಕೊಟ್ಟುದು ಮೇರಿ ಡಯರಳನ್ನು ಗಲ್ಲಿಗೇರಿಸಿದ ಆ ಮ್ಯಾಸಚೂಸೆಟ್ಸ್. ಕ್ಯಾಥೊಲಿಕರ ಮೇಲೂ ಇಂಥ ನಿರ್ಬಂಧವೇ 1783ರವರೆಗೆ ಉಳಿದಿತ್ತು. 1790ರ ಆಗಸ್ಟಿನಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈ ಊರಿಗೆ ಬಂದಾಗ ಯೆಹೂದ್ಯರು ಬಿನ್ನವತ್ತಳೆ ಅರ್ಪಿಸಿದರು. ಧರ್ಮಸ್ವಾತಂತ್ರ್ಯವು ಒಂದು ವರ್ಗದವರು ಇನ್ನೊಂದು ವರ್ಗಕ್ಕೆ ತೋರುವ ಕೃಪೆಯಲ್ಲ, ಹುಟ್ಟಿನಿಂದ ಬಂದ ಹಕ್ಕು ಎಂಬ ಆಶಯದ ಉತ್ತರವನ್ನು ವಾಷಿಂಗ್ಟನ್ ಬರೆದನು. ಆ ಪತ್ರ ಇಂದಿಗೂ ಹೆಸರುವಾಸಿ.

ಇದಕ್ಕಿಂತಲೂ ಕಹಿಯಾದ ಸಂಗತಿ ಇನ್ನೊಂದಿದೆ. ನ್ಯೂಪೋರ್ಟಿನ ಸಂಪತ್ತಿನ ಬಹುಭಾಗ ಬಂದದ್ದು ರಮ್ ಮದ್ಯ ಮತ್ತು ಗುಲಾಮರ ವ್ಯಾಪಾರದಿಂದ. ವೆಸ್ಟ್ ಇಂಡೀಸಿನಿಂದ ಕಾಕಂಬಿ ತಂದು ಇಲ್ಲಿ ರಮ್ ಇಳಿಸುವುದು, ಅದನ್ನು ಆಫ್ರಿಕಕ್ಕೆ ಒಯ್ದು ಮನುಷ್ಯರನ್ನು ಕೊಳ್ಳುವುದು, ಅವರನ್ನು ತೋಟಗಳಿಗೆ ಮಾರಿ ಮತ್ತೆ ಕಾಕಂಬಿ ತರುವುದು! 1807ಕ್ಕೆ ಮುಂಚಿನ ಒಂದು ಶತಮಾನದಲ್ಲಿ ರೋಡ್ ಐಲೆಂಡಿನ ಹಡಗುಗಳು ಇದಕ್ಕಾಗಿ ಒಂಬೈನೂರಕ್ಕೂ ಹೆಚ್ಚು ಸಲ ಯಾನ ಮಾಡಿ, ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಸಾಗಿಸಿದುವು. ಮೇಲೆ ಹೇಳಿದ ಲೋಪೆಜನಿಗೂ ಈ ವ್ಯಾಪಾರದಲ್ಲಿ ಪಾಲಿತ್ತು. ಕ್ವೇಕರರಲ್ಲಿಯೂ ಗುಲಾಮರನ್ನು ಇಟ್ಟುಕೊಂಡವರಿದ್ದರು. ಅವರನ್ನು ಬಿಡುಗಡೆ ಮಾಡಿರೆಂದು ಅವರ ವಾರ್ಷಿಕ ಸಭೆ ಕಟ್ಟುಮಾಡಿದ್ದು 1773ರಲ್ಲಿ.

ಟ್ರಿನಿಟಿ ಚರ್ಚಿಗೆ ಮೊದಲ ಆರ್ಗನ್ ವಾದ್ಯವನ್ನು ಕಳುಹಿಸಿದವನು ಜಾರ್ಜ್ ಬರ್ಕ್ಲಿ. ಹೌದು, ತತ್ತ್ವಶಾಸ್ತ್ರದ ವಿದ್ಯಾರ್ಥಿಗಳ ನಿದ್ದೆ ಕೆಡಿಸುವ ಅದೇ ಬರ್ಕ್ಲಿ! ಆತ 1729ರಿಂದ 1731ರವರೆಗೆ ನ್ಯೂಪೋರ್ಟಿನ ಪಕ್ಕದಲ್ಲೇ ವಾಸವಾಗಿದ್ದು ಆ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದನು. ಜಡವಸ್ತುವೇ ಇಲ್ಲವೆಂದು ವಾದಿಸಿದ ಈ ಮಹಾಶಯ ಅಲ್ಲಿದ್ದಾಗ ತನ್ನ ತೋಟಕ್ಕೆ ಗುಲಾಮರನ್ನು ಕೊಂಡನೆಂದು ಓದಿದ ದಿನ ನಾನು ಪಠ್ಯಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಆ ಕಾಲದ ಚರ್ಚುಗಳಲ್ಲಿ ಹಣವುಳ್ಳ ಮನೆತನಗಳಿಗೆ ಮುಂದಿನ ಸಾಲಿನಲ್ಲಿ ಸ್ವಂತ ಪೀಠಗಳಿದ್ದುವು. ಗುಲಾಮರಿಗೆ ಸಾಮಾನ್ಯವಾಗಿ ಮೇಲಿನ ಗ್ಯಾಲರಿ, ಇಲ್ಲವೆ ಕಟ್ಟಕಡೆಯ ಮೂಲೆ. ನನ್ನ ಅಜ್ಜ ಊರಿನ ಗುಡಿಯ ಹೊರಗೆ, ಬೀದಿಯಲ್ಲಿ ನಿಂತೇ ಕೈಮುಗಿದವರು. ಆ ಗ್ಯಾಲರಿಯಿಂದ ಕೆಳಗೆ ನೋಡುತ್ತಿದ್ದವರ ಮನಸ್ಸು ಹೇಗಿದ್ದಿರಬೇಕೆಂದು ಊಹಿಸಲು ನನಗೆ ಹೆಚ್ಚು ಕಷ್ಟವಾಗಲಿಲ್ಲ.

ಇದರ ವಿರುದ್ಧ ದನಿಯೆತ್ತಿದ ಪಾದ್ರಿ ಸ್ಯಾಮ್ಯುಯೆಲ್ ಹಾಪ್‌ಕಿನ್ಸ್. 1770ರಲ್ಲಿ ಊರಿನ ಮೊದಲ ಕಾಂಗ್ರಿಗೇಷನಲ್ ಚರ್ಚಿಗೆ ಬಂದ ಈತನೂ ಹಿಂದೆ ಗುಲಾಮನನ್ನು ಇಟ್ಟುಕೊಂಡಿದ್ದವನೇ. ಬಂದರಿನಲ್ಲಿ ಕಣ್ಣಾರೆ ಕಂಡ ಮೇಲೆ ಸುಮ್ಮನಿರಲಾರದೆ, ಕೇಳಲು ಕುಳಿತ ಒಡೆಯರ ಮುಖದ ಮುಂದೆಯೇ ಈ ವ್ಯಾಪಾರ ಪಾಪವೆಂದು ಸಾರಿದನು. 1776ರಲ್ಲಿ ಗುಲಾಮಗಿರಿಯನ್ನು ಖಂಡಿಸುವ ಸಂವಾದವೊಂದನ್ನು ಅಚ್ಚು ಹಾಕಿಸಿದನು.

ಆ ಚರ್ಚಿನಲ್ಲಿಯೇ ನ್ಯೂಪೋರ್ಟ್ ಗಾರ್ಡ್ನರ್ ಎಂಬ ಆಫ್ರಿಕದವನಿದ್ದನು. ಊರಿನ ಹೆಸರೂ ಒಡೆಯನ ಹೆಸರೂ ಸೇರಿ ಅವನ ಹೆಸರಾಗಿತ್ತು. ತಾಯಿತಂದೆ ಇಟ್ಟ ಹೆಸರು ಒಕ್ರಮಾರ್ ಮರಿಕೂ. ಹದಿನಾಲ್ಕರ ವಯಸ್ಸಿನಲ್ಲಿ, 1760ರಲ್ಲಿ, ಹಡಗಿನಲ್ಲಿ ಬಂದ ಹುಡುಗ ಓದುಬರಹ ಕಲಿತು, ಸಂಗೀತ ಕಲಿತು, ಕಡೆಗೆ ಇತರರಿಗೆ ಸಂಗೀತ ಹೇಳಿಕೊಡುವ ಮೇಷ್ಟ್ರಾದನು. ನ್ಯೂಪೋರ್ಟಿನ ಆಫ್ರಿಕದವರು 1780ರಲ್ಲಿ ತಮ್ಮದೇ ಪರಸ್ಪರ ಸಹಾಯ ಸಂಘವನ್ನು ಕಟ್ಟಿಕೊಂಡರು. ಗಾರ್ಡ್ನರ್ ಅದರ ಮುಖಂಡರಲ್ಲೊಬ್ಬ. 1791ರಲ್ಲಿ ಗೆಳೆಯರೊಡನೆ ಕೊಂಡ ಲಾಟರಿ ಚೀಟಿಗೆ ಬಹುಮಾನ ಬಂದು, ಅವನ ಪಾಲಿನ ಹಣ ಬಿಡುಗಡೆಗೆ ನೆರವಾಯಿತು.

1824ರಲ್ಲಿ ಅವನೂ ಅವನ ಸಂಗಡಿಗರೂ ಸೇರಿ ತಮ್ಮದೇ ಆದ ಚರ್ಚೊಂದನ್ನು ಸ್ಥಾಪಿಸಿದರು. ಅಲ್ಲಿ ಅವರನ್ನು ಗ್ಯಾಲರಿಗೆ ಕಳುಹಿಸುವವರು ಯಾರೂ ಇರಲಿಲ್ಲ. ಎರಡು ವರ್ಷ ಕಳೆದು, ಎಂಬತ್ತರ ಅಂಚಿನ ಆ ಮುದುಕ ಬಾಸ್ಟನ್ ಬಂದರಿನಲ್ಲಿ ಲೈಬೀರಿಯಕ್ಕೆ ಹೊರಟ ಹಡಗನ್ನು ಹತ್ತಿದನು. ಆಫ್ರಿಕದ ನೆಲವನ್ನು ಮತ್ತೆ ಮುಟ್ಟಿ, ಅದೇ ವರ್ಷ ಅಲ್ಲಿಯೇ ತೀರಿಕೊಂಡನು.