‘ಅದೇ ಚಿಕ್ಕ ಮಾತ್ರೆ ಕೊಡಪ್ಪ’ ಅಂದಾಗ: ಫಾರ್ಮಸಿಸ್ಟ್‌ಗಳಿಗೆ 6 ಸೂತ್ರಗಳು

ನಾಲ್ಕು ಮಡಿಕೆಯಾಗಿ ಅಂಚು ಹರಿದ ಚೀಟಿ. ತಾರೀಖು ನೋಡಿದರೆ ಎರಡು ವರ್ಷ ಹಳೆಯದು. ‘ಅದಿಲ್ದಿದ್ರೆ ಕಣ್ಣು ಮುಚ್ಚೋದೇ ಇಲ್ಲಪ್ಪ’ ಎನ್ನುತ್ತಾ ಕೌಂಟರ್ ಮುಂದೆ ನಿಂತ ಅಜ್ಜಿ. ಇವರಿಗೆ ನಿದ್ದೆ ಮಾತ್ರೆಯ ಸ್ಟ್ರಿಪ್ ಕೊಟ್ಟು ಕಳಿಸುವುದೂ ತಪ್ಪು, ಇಲ್ಲ ಎಂದು ಗದರಿ ಕಳಿಸುವುದೂ ತಪ್ಪು.

1. ಮೊದಲು ಕೇಳಿ. ‘ಇದನ್ನ ಯಾವಾಗಿನಿಂದ ತಗೋತಿದ್ದೀರಮ್ಮ? ಆಗ ಯಾಕೆ ಬರೆದುಕೊಟ್ಟಿದ್ರು?’ ‘ಯಜಮಾನ್ರು ತೀರಿಕೊಂಡಾಗ ಹದಿನೈದು ದಿನಕ್ಕೆ ಅಂತ’ ಎಂಬ ಉತ್ತರ ಬಂದರೆ ಅರ್ಧ ಕೆಲಸ ಆದಂತೆ. ಈ ಮಾತ್ರೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಷ್ಟೇ ಎಂದು ಆಗ ತಿಳಿಸಿ. ‘ಚಟ’ ಎಂಬ ಮಾತು ಬೇಡ. ಮೈ ಮಾತ್ರೆಗೆ ಒಗ್ಗಿಹೋಗಿದೆ ಅನ್ನಿ, ನಿಜವೂ ಅದೇ.

2. ‘ಇವತ್ತೇ ನಿಲ್ಲಿಸಿ’ ಅನ್ನಲೇಬೇಡಿ. ಆರರಲ್ಲಿ ಒಂದೇ ನೆನಪಿಡುವುದಾದರೆ ಇದನ್ನು ನೆನಪಿಡಿ. ತಿಂಗಳುಗಟ್ಟಲೆ ಆಲ್‌ಪ್ರಜೋಲಾಮ್, ಕ್ಲೋನಾಜೆಪಾಮ್ ನುಂಗಿದವರು ಒಮ್ಮೆಲೇ ಬಿಟ್ಟರೆ ಕೈನಡುಕ, ಬೆವರು, ವಿಪರೀತ ಆತಂಕ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವಾರಗಳ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಎಷ್ಟು ಇಳಿಸಬೇಕೆಂದು ವೈದ್ಯರು ಹೇಳಬೇಕು. ಅವರಿಗೆ ಫೋನ್ ಮಾಡುವುದು, ಕ್ಯಾಲೆಂಡರಿನ ಚೌಕಗಳಲ್ಲಿ ‘ಪೂರ್ತಿ’, ‘ಅರ್ಧ’ ಎಂದು ಬರೆದುಕೊಡುವುದು ನಿಮ್ಮ ಕೆಲಸ. ನಿಧಾನವಾಗಿ ಕರಗುವ ಎಸ್‌ಆರ್, ಸಿಆರ್ ಮಾತ್ರೆಗಳನ್ನು ಮುರಿಯಬಾರದು ಎಂದೂ ಹೇಳಿ. ಮುಖ್ಯವಾಗಿ, ‘ಕಡಿಮೆ ಮಾಡಿದಾಗ ಕೆಲವು ರಾತ್ರಿ ನಿದ್ದೆ ಕೆಡುತ್ತೆ, ಆಮೇಲೆ ಸರಿಹೋಗುತ್ತೆ’ ಎಂದು ಮುಂಚೆಯೇ ಹೇಳಿಬಿಡಿ. ಹೇಳದಿದ್ದರೆ ಮೂರನೇ ರಾತ್ರಿಯೇ ಹಳೆ ಲೆಕ್ಕಕ್ಕೆ ವಾಪಸ್ಸು.

3. ಮಾತಿನ ಜೊತೆ ಕಾಗದವನ್ನೂ ಕೊಡಿ. ಕೆನಡಾದ ಕ್ವಿಬೆಕ್‌ನಲ್ಲಿ ಸಂಶೋಧಕರು ಔಷಧಿ ಅಂಗಡಿಗಳ ಮೂಲಕ ಗುರುತಿಸಿದ ಹಿರಿಯರಿಗೆ ಮಾತ್ರೆಯ ಅಪಾಯ, ಇಳಿಸುವ ಕ್ರಮ ಎರಡನ್ನೂ ತಿಳಿಸುವ ಕಿರುಪುಸ್ತಿಕೆ ಕಳಿಸಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರು ತಿಂಗಳಾಗುವಷ್ಟರಲ್ಲಿ ಶೇ 27ರಷ್ಟು ಮಂದಿ ಮಾತ್ರೆ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇ 5 ಮಾತ್ರ. ದೊಡ್ಡ ಅಕ್ಷರದಲ್ಲಿ, ಸರಳ ಕನ್ನಡದಲ್ಲಿ ಒಂದು ಪುಟ ನಾವೂ ಅಚ್ಚು ಹಾಕಿಸಬಹುದಲ್ಲ!

4. ‘ಸೈಡ್ ಎಫೆಕ್ಟ್’ ಅನ್ನುವ ಬದಲು ಬಚ್ಚಲುಮನೆಯ ಮಾತಾಡಿ. ‘ರಾತ್ರಿ ಎದ್ದಾಗ ಜೋಲಿ ಹೊಡೆಯುತ್ತಾ? ಎಲ್ಲಾದ್ರೂ ಬಿದ್ದಿದ್ರಾ?’ ಹಿರಿಯರಿಗೆ ಸೊಂಟದ ಮೂಳೆ ಮುರಿಯುವ ಭಯ ಚೆನ್ನಾಗಿ ಗೊತ್ತು. ಮದ್ಯ ಅಥವಾ ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆ ಸೇರಿದರೆ ಉಸಿರಾಟವೇ ಕುಗ್ಗೀತು ಎಂಬುದನ್ನು ಸ್ಪಷ್ಟವಾಗಿ ಹೇಳಿ.

5. ಎಚ್1 ರಿಜಿಸ್ಟರನ್ನು ಓದಿ. ಆಲ್‌ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಇನ್‌ಸ್ಪೆಕ್ಟರ್ ಬಂದಾಗ ತೋರಿಸಲಿಕ್ಕಷ್ಟೇ ಅಲ್ಲ ಅದು. ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಮಾತಾಡಿ.

6. ನಿಮ್ಮಿಂದ ಆಗದ್ದನ್ನು ದಾಟಿಸಿ. ದಿನಕ್ಕೆ ನಾಲ್ಕೈದು ಮಾತ್ರೆ ನುಂಗುವವರು, ಕುಡಿತವಿರುವವರು, ಹಿಂದೆ ಫಿಟ್ಸ್ ಬಂದವರು ನೇರ ವೈದ್ಯರಲ್ಲಿಗೆ ಹೋಗಬೇಕು. ‘ಬದುಕೇ ಬೇಡ’ ಎಂದವರನ್ನು ಒಂಟಿಯಾಗಿ ಕಳಿಸಬೇಡಿ, ಮನೆಯವರನ್ನು ಕರೆಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಉಳಿದವರು ಮುಂದಿನ ಸಲ ಬಂದಾಗ ಕ್ಯಾಲೆಂಡರ್ ತೋರಿಸಲಿ. ‘ಈ ವಾರ ನಿದ್ದೆ ಹೇಗಿತ್ತಮ್ಮ?’ ಎಂದು ಕೇಳಿಯೇ ಬಿಲ್ ಹಾಕಿ.